ಮದರಾಸಿನ ಸಿಖ್ಖರು, ಅವರ ಮಕ್ಕಳು

ಹೊರನಾಡಿನಲ್ಲಿ ನೆಲೆಸಿದ ಯಾರನ್ನಾದರೂ ಕೇಳಿ ನೋಡಿ. ನೌಕರಿ, ಬಾಡಿಗೆ ಮನೆ, ನೀರು, ರೇಷನ್ ಕಾರ್ಡು, ಈ ಚಿಂತೆಗಳೆಲ್ಲ ಹತ್ತು ಹದಿನೈದು ವರ್ಷದಲ್ಲಿ ಹೇಗೋ ಬಗೆಹರಿಯುತ್ತವೆ. ಬಗೆಹರಿಯದೆ ಉಳಿಯೋದು ಒಂದೇ, ಅದು ಮಕ್ಕಳ ಚಿಂತೆ. ನಾವು ಊರಿನಿಂದ ಹೊತ್ತು ತಂದದ್ದರಲ್ಲಿ ಅವರಿಗೆ ದಾಟುವುದೆಷ್ಟು? ಚೆನ್ನೈನ ಕನ್ನಡಿಗರ ಮನೆಗಳಲ್ಲಿ ನಾನು ಕಂಡ ಮಟ್ಟಿಗೆ ಲೆಕ್ಕ ಹೀಗಿದೆ: ಮೊದಲ ತಲೆಮಾರು ಕನ್ನಡ ಓದಿ ಬರೆಯುತ್ತೆ, ಎರಡನೆಯದು ಮಾತಾಡುತ್ತೆ, ಮೂರನೆಯದು ಕೇಳಿಸಿಕೊಂಡು ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಉತ್ತರ ಕೊಡುತ್ತೆ. ನಾಲ್ಕನೆಯದರ ಬಗ್ಗೆ ಮಾತಾಡದಿರೋದೇ ಒಳ್ಳೆಯದು.

ಇದೇ ಚಿಂತೆಯನ್ನು ನಮಗಿಂತ ಎರಡು ಪಟ್ಟು ಹೊತ್ತುಕೊಂಡ ಒಂದು ಸಮುದಾಯ ಇದೇ ಊರಿನಲ್ಲಿದೆ. ಅವರೇ ಸಿಖ್ಖರು. 2011ರ ಜನಗಣತಿಯಲ್ಲಿ ಇಡೀ ತಮಿಳುನಾಡಿನಲ್ಲಿ ಸಿಕ್ಕ ಸಿಖ್ಖರ ಸಂಖ್ಯೆ 14,601. ಏಳು ಕೋಟಿಗೂ ಮೀರಿದ ಜನರ ನಡುವೆ ಹತ್ತು ಸಾವಿರಕ್ಕೆ ಇಬ್ಬರು ಅಂತ ಲೆಕ್ಕ. ಕನ್ನಡದ ಹುಡುಗ ತಮಿಳು ಕಲಿತುಬಿಟ್ಟರೆ ಬೀದಿಯಲ್ಲಿ ಅವನನ್ನು ಯಾರೂ ಗುರುತಿಸೋದಿಲ್ಲ. ಸಿಖ್ ಹುಡುಗನಿಗೆ ಆ ಅನುಕೂಲವಿಲ್ಲ. ಅವನ ಧರ್ಮ ಅವನ ತಲೆಯ ಮೇಲೇ ಇದೆ. ಶಾಲೆಯಲ್ಲಿ, ಬಸ್ಸಿನಲ್ಲಿ, ಆಟದ ಬಯಲಿನಲ್ಲಿ ಎಲ್ಲರಿಗೂ ಕಾಣುತ್ತೆ. ದಿನಾ ನಾಲ್ಕು ಜನ ‘ಇದೇನು’ ಅಂತ ಕೇಳುವಾಗ, ಹನ್ನೆರಡು ವರ್ಷದ ಹುಡುಗನಿಗೆ ಅದಕ್ಕೊಂದು ಉತ್ತರ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಅವನು ಒಂದು ದಿನ ಸೀದಾ ಕ್ಷೌರದಂಗಡಿಗೆ ಹೋಗಿ ಕೂತುಬಿಡುತ್ತಾನೆ.

ಆ ಉತ್ತರವನ್ನು ಇವರು ಮಕ್ಕಳಿಗೆ ಹೇಗೆ ಕಲಿಸುತ್ತಾರೆ ಅನ್ನೋದೇ ನನಗೆ ಬಹಳ ಕಾಲ ಕುತೂಹಲವಾಗಿತ್ತು. ನಾನು ಬ್ಯಾಂಕಿನ ವರ್ಗಾವಣೆಯ ಮೇಲೆ ಈ ಊರಿಗೆ ಬಂದಾಗ ಅದಿನ್ನೂ ಮದರಾಸು. ಚೆನ್ನೈ ಅಂತ ಹೆಸರಾದದ್ದು 1996ರಲ್ಲಿ. ಮೌಂಟ್ ರೋಡಿಗೆ ಸೇರುವ ಜನರಲ್ ಪ್ಯಾಟರ್ಸ್ ರಸ್ತೆಯಲ್ಲಿ ಮೋಟಾರು ಬಿಡಿಭಾಗಗಳ ಅಂಗಡಿಗಳು ಸಾಲಾಗಿವೆ. ಪಂಜಾಬಿ ವ್ಯಾಪಾರಿಗಳು ಬೇರೂರಿದ ಜಾಗ ಅದು. ಅಲ್ಲಿನ ಕೆಲವು ಸರ್ದಾರರ ಖಾತೆಗಳು ನಮ್ಮ ಶಾಖೆಯಲ್ಲಿದ್ದವು. ಕೌಂಟರಿನ ಆಚೆ ಈಚೆ ನಿಂತು ಆಡಿದ ಮಾತಿನಿಂದ ಶುರುವಾದ ಪರಿಚಯ, ಆಮೇಲೆ ಓದಿ ತಿಳಿದುಕೊಂಡ ಇತಿಹಾಸ, ಎರಡೂ ಸೇರಿ ಈ ಬರಹ.

ಮೊದಲಿಗೆ ಒಂದು ಮಾತು. ಸಿಖ್ಖರು ಅಂದರೆ ಉತ್ತರದವರು, ನಮಗೂ ಅವರಿಗೂ ಏನು ಸಂಬಂಧ ಅಂತ ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಬೀದರಿನವರು ಹಾಗೆ ಹೇಳೋದಿಲ್ಲ. ಗುರು ನಾನಕರು ತಮ್ಮ ದಕ್ಷಿಣದ ಯಾತ್ರೆಯಲ್ಲಿ ಬೀದರಿಗೆ ಬಂದರು, ಅಲ್ಲಿ ಸಿಹಿನೀರಿನ ಒರತೆ ಹೊಮ್ಮಿತು ಅನ್ನೋದು ಅವರ ನಂಬಿಕೆ. ನಾನಕ್ ಝೀರಾ ಗುರುದ್ವಾರ ಇರೋದು ಆ ಒರತೆಯ ಬಳಿ. 1699ರಲ್ಲಿ ಆನಂದಪುರದಲ್ಲಿ ಗುರು ಗೋವಿಂದ ಸಿಂಗರು ಖಾಲ್ಸಾ ಪಂಥವನ್ನು ಕಟ್ಟಿದಾಗ, ತಲೆ ಕೊಡೋದಕ್ಕೂ ಸಿದ್ಧ ಅಂತ ಎದ್ದು ನಿಂತ ಐವರನ್ನು ಪಂಜ್ ಪ್ಯಾರೇ ಅನ್ನುತ್ತಾರೆ. ಅವರಲ್ಲಿ ಒಬ್ಬ ಭಾಯಿ ಸಾಹಿಬ್ ಸಿಂಗ್, ಬೀದರಿನವನು. ಕ್ಷೌರಿಕ ಕುಲದವನು ಅಂತ ಸಿಖ್ ಸಂಪ್ರದಾಯ ಹೇಳುತ್ತೆ. ಕೂದಲು ಕತ್ತರಿಸದ ವ್ರತ ಹಿಡಿದ ಮೊದಲ ಐವರಲ್ಲಿ ಒಬ್ಬ ಕ್ಷೌರಿಕ ಕುಲದವನು, ಅದೂ ಇಂದಿನ ಕರ್ನಾಟಕದ ನೆಲದವನು! ನಮ್ಮ ಶಾಲಾ ಪುಸ್ತಕದಲ್ಲಿ ಇದಕ್ಕೆ ಒಂದು ಸಾಲಾದರೂ ಇರಬೇಕಿತ್ತು ಅಂತ ನನಗೆ ಅನ್ನಿಸಿದ್ದುಂಟು.

ಅದೇ ಬೀದರ್ ಜಿಲ್ಲೆಯಲ್ಲೇ ಬಸವಕಲ್ಯಾಣವೂ ಇದೆ. ಹನ್ನೆರಡನೆಯ ಶತಮಾನದಲ್ಲಿ ಕಾಯಕ, ದಾಸೋಹ ಅನ್ನುವ ಎರಡು ಮಾತು ಹುಟ್ಟಿ ಬೆಳೆದ ಊರು. ಸಿಖ್ಖರ ಮೂರು ಮೂಲ ಕಟ್ಟಳೆಗಳಲ್ಲಿ ದೇವರ ನಾಮಸ್ಮರಣೆ ಒಂದು. ಮಿಕ್ಕ ಎರಡು ಅಂದರೆ ದುಡಿದು ತಿನ್ನೋದು, ಹಂಚಿ ತಿನ್ನೋದು. ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವರ ಲಂಗರ್ ಅಂದರೆ ನಮ್ಮ ದಾಸೋಹವೇ. ಎಲ್ಲರೂ ನೆಲದ ಮೇಲೆ ಒಂದೇ ಸಾಲಿನಲ್ಲಿ ಕೂತು, ಒಂದೇ ಅಡುಗೆ ಉಣ್ಣಬೇಕು. ನಾನಕರ ಕಾಲದಲ್ಲಿ ಶುರುವಾದ ಈ ಪದ್ಧತಿಯನ್ನು ಎರಡನೆಯ ಗುರು ಅಂಗದರ ಪತ್ನಿ ಮಾತಾ ಖೀವಿ ಅಚ್ಚುಕಟ್ಟಾಗಿ ನಡೆಸಿದರು. ಮೂರನೆಯ ಗುರು ಅಮರದಾಸರು ‘ಮೊದಲು ಪಂಕ್ತಿ, ಆಮೇಲೆ ದರ್ಶನ’ ಅಂತ ನಿಯಮ ಮಾಡಿದರು.

ಇನ್ನು ಮದರಾಸಿಗೆ ಬರೋಣ. ಇಲ್ಲಿನ ಸಿಖ್ಖರ ಚರಿತ್ರೆಯಲ್ಲಿ ಮೊದಲು ಕೇಳಿಬರುವ ಹೆಸರು ಲೆಫ್ಟಿನೆಂಟ್ ಕರ್ನಲ್ ಗುರುದಯಾಳ್ ಸಿಂಗ್ ಗಿಲ್ ಅವರದ್ದು. ಮದರಾಸಿನ ಬಂದೀಖಾನೆಗಳ ಇನ್‌ಸ್ಪೆಕ್ಟರ್ ಜನರಲ್ ಆಗಿದ್ದವರು. ಅವರು ಬಂದ ಕಾಲಕ್ಕೆ ಇಲ್ಲಿ ಬೆರಳೆಣಿಕೆಯ ಸಿಖ್ಖರು. 1947ರ ದೇಶ ವಿಭಜನೆಯಲ್ಲಿ ಪಶ್ಚಿಮ ಪಂಜಾಬಿನಿಂದ ಮನೆಮಠ ಕಳೆದುಕೊಂಡು ಬಂದ ಕುಟುಂಬಗಳಲ್ಲಿ ಕೆಲವು ದಕ್ಷಿಣದ ಕೊನೆಯವರೆಗೂ ಬಂದವು. ಭಾಷೆ ಗೊತ್ತಿಲ್ಲ, ಊಟ ಒಗ್ಗೋದಿಲ್ಲ, ಸೆಖೆಯಂತೂ ಕೇಳಲೇಬೇಡಿ. ಅಂಥ ಹೊತ್ತಿನಲ್ಲಿ, 1949ರಲ್ಲಿ, ಗಿಲ್ ಅವರ ಮುಂದಾಳತ್ವದಲ್ಲಿ ಗುರು ನಾನಕ್ ಸತ್ಸಂಗ ಸಭಾ ಹುಟ್ಟಿತು. ತ್ಯಾಗರಾಯನಗರದ ಜಿ.ಎನ್. ಚೆಟ್ಟಿ ರಸ್ತೆಯಲ್ಲಿ ಇವತ್ತು ಕಾಣುವ ಗುರುದ್ವಾರ ಈ ಸಭಾದ್ದು. ನಮ್ಮ ಕರ್ನಾಟಕ ಸಂಘ ಇರುವ ಹಬೀಬುಲ್ಲಾ ರಸ್ತೆಯೂ ಅದೇ ಟಿ. ನಗರದಲ್ಲೇ.

ಈ ಗುರುದ್ವಾರವಾಗಲಿ, ಬೇರೆ ಯಾವ ಗುರುದ್ವಾರವಾಗಲಿ, ಅದು ಮಕ್ಕಳ ವಿಷಯದಲ್ಲಿ ಯಾಕೆ ಅಷ್ಟು ತಲೆ ಕೆಡಿಸಿಕೊಳ್ಳುತ್ತೆ ಅಂತ ತಿಳಿಯೋದಕ್ಕೆ ಪಂಜಾಬಿನ ಹಿಂದಿನ ಕಥೆಯನ್ನು ಸ್ವಲ್ಪ ನೋಡಬೇಕು. 1849ರಲ್ಲಿ ಸಿಖ್ಖರ ರಾಜ್ಯ ಬ್ರಿಟಿಷರ ಕೈಸೇರಿತು. ರಾಜ್ಯದ ಹಿಂದೆಯೇ ಮಿಷನ್ ಶಾಲೆಗಳು ಬಂದವು. 1873ರಲ್ಲಿ ಅಮೃತಸರದ ಮಿಷನ್ ಶಾಲೆಯ ನಾಲ್ಕು ಸಿಖ್ ವಿದ್ಯಾರ್ಥಿಗಳು ತಾವು ಕ್ರೈಸ್ತರಾಗುತ್ತೇವೆ ಅಂತ ಹೇಳಿದರು. ಬರೀ ನಾಲ್ಕು ಹುಡುಗರು! ಆದರೆ ಅಮೃತಸರ ಅಲ್ಲಾಡಿಹೋಯಿತು. ಹಿರಿಯರು ಆ ಹುಡುಗರನ್ನು ಹೇಗೋ ಒಪ್ಪಿಸಿ ಹಿಂದೆ ಕರೆದುಕೊಂಡರು. ಆದರೂ ಪ್ರಶ್ನೆ ಉಳಿಯಿತು: ಈ ಹುಡುಗರಿಗೆ ತಮ್ಮ ಮನೆಯಲ್ಲಿ ಏನಿದೆ ಅಂತ ಯಾರೂ ಹೇಳಿಕೊಟ್ಟಿರಲಿಲ್ಲ ಅಲ್ಲವೇ? ಅದೇ ವರ್ಷ ಅಮೃತಸರದಲ್ಲಿ ಸಿಂಗ್ ಸಭಾ ಸ್ಥಾಪನೆಯಾಯಿತು. 1879ರಲ್ಲಿ ಲಾಹೋರಿನಲ್ಲಿ ಇನ್ನೊಂದು. ಆಮೇಲೆ ಊರೂರಿಗೂ ಹಬ್ಬಿತು.

ಆ ಚಳವಳಿಯ ಫಲಗಳನ್ನು ಸಾಲಾಗಿ ಇಟ್ಟು ನೋಡಿ. 1892ರಲ್ಲಿ ಅಮೃತಸರದ ಖಾಲ್ಸಾ ಕಾಲೇಜು. ಅದೇ ವರ್ಷ ಫಿರೋಜ್‌ಪುರದಲ್ಲಿ ಭಾಯಿ ತಖ್ತ್ ಸಿಂಗ್ ಶುರುಮಾಡಿದ ಹೆಣ್ಣುಮಕ್ಕಳ ಶಾಲೆ, ಮುಂದೆ ಸಿಖ್ ಕನ್ಯಾ ಮಹಾವಿದ್ಯಾಲಯ ಅಂತ ಹೆಸರಾದದ್ದು. 1902ರಲ್ಲಿ ಚೀಫ್ ಖಾಲ್ಸಾ ದಿವಾನ್. 1908ರಿಂದ ಸಿಖ್ ಶಿಕ್ಷಣ ಸಮ್ಮೇಳನಗಳು, ಮೊದಲನೆಯದು ಗುಜ್ರಾನ್‌ವಾಲಾದಲ್ಲಿ. 1937ರಲ್ಲಿ ಮುಂಬೈ ಮಾಟುಂಗದಲ್ಲಿ ಖಾಲ್ಸಾ ಕಾಲೇಜು. ಮುಂಬೈ ಕನ್ನಡಿಗರಿಗೆ ಇದನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ, ನಮ್ಮ ಮೈಸೂರು ಅಸೋಸಿಯೇಷನ್ನೂ ಮಾಟುಂಗದಲ್ಲೇ ಇದೆ. 1944ರಲ್ಲಿ ಸಿಖ್ ವಿದ್ಯಾರ್ಥಿಗಳ ಫೆಡರೇಷನ್. 1972ರಲ್ಲಿ ಲೂಧಿಯಾನದಲ್ಲಿ ಗುರು ಗೋವಿಂದ ಸಿಂಗ್ ಸ್ಟಡಿ ಸರ್ಕಲ್; ಇದು ಯುವಕರನ್ನೇ ಗುರಿಯಾಗಿಟ್ಟುಕೊಂಡು ರಜೆಯ ಶಿಬಿರಗಳನ್ನು ನಡೆಸುವ ಸ್ವಯಂಸೇವಕರ ಬಳಗ. ನೂರು ವರ್ಷದಲ್ಲಿ ನಾಲ್ಕು ಹುಡುಗರ ಪ್ರಶ್ನೆ ಎಲ್ಲಿಗೆ ಬಂದು ಮುಟ್ಟಿತು ನೋಡಿ.

ಇದಕ್ಕೆ ಇನ್ನೊಂದು ಒಳಗಿನ ಕಾರಣವೂ ಇದೆ. ಸಿಖ್ಖರಲ್ಲಿ ಹುಟ್ಟಿನಿಂದ ಬರುವ ಪುರೋಹಿತ ವರ್ಗ ಇಲ್ಲ. ಗುರುದ್ವಾರದಲ್ಲಿ ಗ್ರಂಥಿ ಅಂತ ಒಬ್ಬರಿರುತ್ತಾರೆ ನಿಜ. ಆದರೆ ಗುರು ಗ್ರಂಥ ಸಾಹಿಬನ್ನು ಓದುವ, ಕೀರ್ತನೆ ಹಾಡುವ ಹಕ್ಕು ಗಂಡಸು ಹೆಂಗಸು ಅನ್ನದೆ ಎಲ್ಲ ಸಿಖ್ಖರಿಗೂ ಇದೆ. ನಮ್ಮಲ್ಲಾದರೆ ಭಟ್ಟರಿದ್ದಾರೆ, ಐನೋರಿದ್ದಾರೆ, ನಮಗೆ ಮಂತ್ರ ಬಾರದಿದ್ದರೂ ಮದುವೆ ನಿಲ್ಲೋದಿಲ್ಲ. ಅವರಲ್ಲಿ ಓದು ಬಾರದ ತಲೆಮಾರು ಬಂತು ಅಂದರೆ ಓದುವವರೇ ಇಲ್ಲದ ಹಾಗೆ. ಹಾಗಾಗಿ ಅವರ ನಡವಳಿಕೆಯ ಸಂಹಿತೆಯಾದ ರೆಹತ್ ಮರ್ಯಾದಾದಲ್ಲೇ ಮಕ್ಕಳಿಗೆ ಸಿಖ್ ವಿದ್ಯೆ ಕಲಿಸೋದು ತಂದೆತಾಯಿಯ ಕರ್ತವ್ಯ ಅಂತ ಬರೆದಿಟ್ಟಿದ್ದಾರೆ. ಇನ್ನೊಂದು ತಮಾಷೆ ಏನೆಂದರೆ, ಸಿಖ್ ಅನ್ನುವ ಪದವೇ ನಮ್ಮ ಶಿಷ್ಯ ಅನ್ನುವ ಪದಕ್ಕೆ ನೆಂಟ. ಹೆಸರಿನಲ್ಲೇ ವಿದ್ಯಾರ್ಥಿಯಾದವರು ಕಲಿಯದಿದ್ದರೆ ಹೇಗೆ?

ಈಗ ಕಲಿಸುವ ಬಗೆ. ಇಲ್ಲೇ ನನಗೆ ಪಾಠ ಕಂಡದ್ದು. ಹುಡುಗರನ್ನು ಸಾಲಾಗಿ ಕೂರಿಸಿ ಉಪದೇಶ ಮಾಡೋದು ಅವರಲ್ಲೂ ಇದೆ, ಆದರೆ ಅದು ಎರಡನೆಯ ಮಾತು. ಮೊದಲು ಕೆಲಸ. ಗುರುದ್ವಾರದ ಬಾಗಿಲಲ್ಲಿ ಚಪ್ಪಲಿ ಇಡುವ ಕೋಣೆಗೆ ಜೋಡಾ ಘರ್ ಅನ್ನುತ್ತಾರೆ. ಬಂದವರ ಚಪ್ಪಲಿ ತೆಗೆದಿಡೋದು, ಧೂಳು ಒರೆಸೋದು, ಚೀಟಿ ಕೊಡೋದು ದೊಡ್ಡ ಸೇವೆ ಅಂತ ಎಣಿಕೆ. ದೊಡ್ಡ ವ್ಯಾಪಾರಿಯೂ ಅಲ್ಲಿ ನಿಲ್ಲುತ್ತಾನೆ, ಅವನ ಪಕ್ಕದಲ್ಲಿ ಹತ್ತು ವರ್ಷದ ಹುಡುಗನೂ ನಿಲ್ಲುತ್ತಾನೆ. ಲಂಗರಿನಲ್ಲಿ ಸಣ್ಣ ಮಕ್ಕಳಿಗೆ ನೀರು ಕೊಡುವ ಕೆಲಸ, ಸ್ವಲ್ಪ ದೊಡ್ಡವರಾದರೆ ರೊಟ್ಟಿ ಬಡಿಸೋದು, ಇನ್ನೂ ದೊಡ್ಡವರಾದರೆ ಬಿಸಿ ದಾಲ್ ತುಂಬಿದ ಬಕೆಟ್ಟು. ರೊಟ್ಟಿಯನ್ನು ಹೇಗೆಂದರೆ ಹಾಗೆ ಎಸೆಯೋ ಹಾಗಿಲ್ಲ, ಉಣ್ಣುವವರು ಎರಡೂ ಕೈ ಚಾಚಿರುತ್ತಾರೆ, ಆ ಕೈಗೆ ಮರ್ಯಾದೆಯಿಂದ ಹಾಕಬೇಕು. ಅದನ್ನು ಹೇಳಿಕೊಡಲು ಪಕ್ಕದಲ್ಲಿ ಹಿರಿಯರೊಬ್ಬರು ಇದ್ದೇ ಇರುತ್ತಾರೆ. ಪಾತ್ರೆ ತೊಳೆಯೋದೂ ಹೀಗೇ ಸಾಲಾಗಿ ನಿಂತು ನಡೆಯುತ್ತೆ.

ಅಕ್ಷರ, ಹಾಡು, ಪಗಡಿ ಕಟ್ಟೋದು, ಇವೂ ಹೀಗೇ ಪಕ್ಕದಲ್ಲಿ ಕೂತು ಕಲಿಯುವಂಥವು. ಊರೂರಿನ ಗುರುದ್ವಾರಗಳಲ್ಲಿ ರಜೆಯ ದಿನ ಗುರುಮುಖಿ ಅಕ್ಷರ, ಹಾರ್ಮೋನಿಯಂ, ತಬಲ ಹೇಳಿಕೊಡುವ ಪದ್ಧತಿ ಇದೆ. ಕಲಿಸುವವರಲ್ಲಿ ಹೆಚ್ಚಿನವರು ಸಂಬಳದ ಮೇಷ್ಟ್ರಲ್ಲ. ಒಬ್ಬರು ಅಂಗಡಿಯವರು, ಒಬ್ಬರು ಗೃಹಿಣಿ, ಒಬ್ಬರು ಪಿಂಚಣಿದಾರರು. ಸಣ್ಣ ಹುಡುಗರು ಕಟ್ಟುವ ಬಟ್ಟೆಗೆ ಪಟ್ಕಾ ಅನ್ನುತ್ತಾರೆ. ಅದರಿಂದ ಪೂರ್ತಿ ಪಗಡಿಗೆ ಏರುವಾಗ ದಸ್ತಾರ್ ಬಂದಿ ಅಂತ ಒಂದು ಶಾಸ್ತ್ರವೇ ಇದೆ, ನಮ್ಮಲ್ಲಿ ಉಪನಯನವೋ ಲಿಂಗದೀಕ್ಷೆಯೋ ಇದ್ದ ಹಾಗೆ. ಐದಾರು ಗಜದ ಬಟ್ಟೆಯನ್ನು ನೆರಿಗೆ ತಪ್ಪದಂತೆ ಸುತ್ತೋದು ಪುಸ್ತಕ ಓದಿ ಬರುವ ವಿದ್ಯೆ ಅಲ್ಲ. ಅಪ್ಪನೋ ಅಣ್ಣನೋ ಬೆಳಗ್ಗೆ ಬೆಳಗ್ಗೆ ಕನ್ನಡಿ ಮುಂದೆ ನಿಲ್ಲಿಸಿಕೊಂಡು ಕಲಿಸಬೇಕು.

ಬ್ಯಾಂಕಿನಲ್ಲಿ ನಾವೂ ಹಾಗೇ ಕಲಿತದ್ದು. ಎಂ.ಕಾಂ. ಓದಿ ಬಂದವನಿಗೂ ನೋಟು ಎಣಿಸೋದಕ್ಕೆ ಬರುತ್ತಿರಲಿಲ್ಲ. ಹಳೇ ಕ್ಯಾಷಿಯರ್ ಪಕ್ಕದಲ್ಲಿ ತಿಂಗಳುಗಟ್ಟಲೆ ಕೂತ ಮೇಲೇ ಬೆರಳಿಗೆ ಖೋಟಾ ನೋಟು ತಿಳಿಯುತ್ತಿದ್ದದ್ದು. ತರಬೇತಿ ಕಾಲೇಜಿನ ಉಪನ್ಯಾಸ ಎಲ್ಲ ಮರೆತುಹೋಗಿದೆ, ಆ ಕ್ಯಾಷಿಯರು ಹೇಳಿದ್ದು ಒಂದೂ ಮರೆತಿಲ್ಲ. ಕೆಲಸದ ಜೊತೆ ಬಂದ ಮಾತು ಉಳಿಯುತ್ತೆ, ಮಾತಿನ ಜೊತೆ ಬಂದ ಮಾತು ಹಾರಿಹೋಗುತ್ತೆ.

ಮದರಾಸಿನ ಸಿಖ್ಖರು ಈ ಕಲಿಸುವ ಕೆಲಸವನ್ನು ತಮ್ಮ ಮಕ್ಕಳಿಗಷ್ಟೇ ಸೀಮಿತ ಮಾಡಲಿಲ್ಲ. 1969 ಗುರು ನಾನಕರು ಹುಟ್ಟಿ ಐನೂರು ವರ್ಷವಾದ ಸಂದರ್ಭ. ದೇಶದ ತುಂಬ ಉತ್ಸವ. ಇಲ್ಲಿನವರು ಇನ್ನೊಂದು ಚಿನ್ನದ ಗುಮ್ಮಟ ಕಟ್ಟಿಸಬಹುದಿತ್ತು. ಅದರ ಬದಲು ಆ ನೆನಪಿಗೆ ಒಂದು ಕಾಲೇಜು ಕಟ್ಟಿದರು. 1971ರಲ್ಲಿ, ಆಗಿನ್ನೂ ಊರಾಚೆ ಅನ್ನಿಸಿಕೊಂಡಿದ್ದ ವೇಳಚೇರಿಯಲ್ಲಿ, ಗುರು ನಾನಕ್ ಕಾಲೇಜು ಶುರುವಾಯಿತು. ಇದರ ಹಿಂದೆಯೂ ಕರ್ನಲ್ ಗಿಲ್ ಅವರೇ. ಈಗ ವೇಳಚೇರಿ ಊರ ನಡುವೆ ಬಂದುಬಿಟ್ಟಿದೆ. ರಣಜಿ ಪಂದ್ಯಗಳೂ ನಡೆದಿರುವ ಅದರ ಕ್ರಿಕೆಟ್ ಮೈದಾನ ಕ್ರೀಡಾಪ್ರಿಯರಿಗೆಲ್ಲ ಗೊತ್ತು. ಅಲ್ಲಿ ಓದುವವರು ಬಹುಪಾಲು ತಮಿಳು ಮಕ್ಕಳು. ಇದರಲ್ಲಿ ಧರ್ಮಬುದ್ಧಿಯೂ ಇದೆ, ವ್ಯವಹಾರಜ್ಞಾನವೂ ಇದೆ. ಹತ್ತು ಸಾವಿರಕ್ಕೆ ಇಬ್ಬರಾಗಿ ಬದುಕುವವರನ್ನು ಮಿಕ್ಕ 9,998 ಜನ ಹೇಗೆ ನೆನಪಿಟ್ಟುಕೊಳ್ಳಬೇಕು? ‘ನಮ್ಮ ಹುಡುಗ ಅವರ ಕಾಲೇಜಿನಲ್ಲಿ ಓದಿದ’ ಅಂತ ನೆನಪಿಟ್ಟುಕೊಂಡರೆ ಅದಕ್ಕಿಂತ ದೊಡ್ಡ ಡಿಪಾಜಿಟ್ ಬೇರೆ ಇಲ್ಲ.

ಅಂಥ ನೆನಪು ಯಾಕೆ ಬೇಕು ಅನ್ನೋದನ್ನು ಮುಚ್ಚಿಡದೆ ಹೇಳಬೇಕು. 1984ರ ಅಕ್ಟೋಬರ್ 31ರಂದು ಇಂದಿರಾ ಗಾಂಧಿಯವರ ಕೊಲೆಯಾಯಿತು. ಆಮೇಲಿನ ದಿನಗಳಲ್ಲಿ ದೆಹಲಿ ಒಂದರಲ್ಲೇ, ಸರ್ಕಾರ ಒಪ್ಪಿಕೊಂಡ ಲೆಕ್ಕದಂತೆ, 2,733 ಸಿಖ್ಖರು ಸತ್ತರು. ಪಗಡಿ ನೋಡಿಯೇ ಬಸ್ಸಿನಿಂದ, ರೈಲಿನಿಂದ ಇಳಿಸಿದರು. ಜೀವ ಉಳಿಸಿಕೊಳ್ಳಲು ಎಷ್ಟೋ ಜನ ತಂದೆಯರು ತಾವೇ ಮಕ್ಕಳ ಕೂದಲು ಕತ್ತರಿಸಿದರು. ಜೀವಕ್ಕೆ ಸಮನಾಗಿ ಕಾಪಾಡಿದ್ದನ್ನು ಜೀವಕ್ಕಾಗಿ ಬಿಟ್ಟುಕೊಡುವ ಸಂಕಟ ಎಂಥದ್ದಿರಬಹುದು, ಊಹಿಸಿ.

ಇದು ದೆಹಲಿಯ ಮಾತು ಅಂತ ನಾವು ಕೈ ತೊಳೆದುಕೊಳ್ಳುವ ಹಾಗಿಲ್ಲ. ಬೀದರಿನಲ್ಲಿ 1980ರಲ್ಲಿ ಗುರು ನಾನಕ್ ದೇವ್ ಎಂಜಿನಿಯರಿಂಗ್ ಕಾಲೇಜು ಶುರುವಾಗಿತ್ತು. ಪಂಜಾಬಿನಿಂದ, ಉತ್ತರದ ಬೇರೆ ಕಡೆಗಳಿಂದ ಸಿಖ್ ಹುಡುಗರು ಅಲ್ಲಿಗೆ ಓದಲು ಬರುತ್ತಿದ್ದರು. 1988ರ ಸೆಪ್ಟೆಂಬರಿನಲ್ಲಿ ಅಲ್ಲಿ ಗಲಭೆ ಎದ್ದು ಕನಿಷ್ಠ ಆರು ಮಂದಿ ಸಿಖ್ ವಿದ್ಯಾರ್ಥಿಗಳು ಕೊಲೆಯಾದರು. ಓದಲು ಅಂತ ಮನೆ ಬಿಟ್ಟು, ತಮ್ಮ ಗುರು ಕಾಲಿಟ್ಟ ಊರು ಅನ್ನುವ ನಂಬಿಕೆಯಿಂದ ಬಂದ ಹುಡುಗರು. ಸಾಹಿಬ್ ಸಿಂಗನ ಊರಿನಲ್ಲೇ ಹೀಗಾಯಿತು. ಕರ್ನಾಟಕದ ಚರಿತ್ರೆ ಬರೆಯುವಾಗ ನಾವು ಸಾಮಾನ್ಯವಾಗಿ ಈ ಪುಟವನ್ನು ಹಾರಿಸಿ ಹೋಗುತ್ತೇವೆ. ಹೊರನಾಡಿನಲ್ಲಿ ಮಕ್ಕಳನ್ನು ಬೆಳೆಸುವ ನನ್ನಂಥವನಿಗೆ ಅದನ್ನು ಹಾರಿಸಲು ಮನಸ್ಸು ಬರೋದಿಲ್ಲ. ನಮ್ಮ ಮಕ್ಕಳೂ ಎಲ್ಲೋ ಒಂದು ಊರಿನಲ್ಲಿ ಹೊರಗಿನವರೇ ಅಲ್ಲವೇ?

ಇಷ್ಟಾದರೂ ಆ ಕಾಲೇಜು ಮುಚ್ಚಲಿಲ್ಲ, ಝೀರಾದಲ್ಲಿ ಲಂಗರ್ ನಿಲ್ಲಲಿಲ್ಲ. ಈ ಸಮುದಾಯದ ಗಟ್ಟಿತನ ಇದರಲ್ಲಿದೆ. ಪೆಟ್ಟು ತಿಂದವರು ಬಾಗಿಲು ಹಾಕಿಕೊಂಡು ತಮ್ಮವರಿಗಷ್ಟೇ ಅಡುಗೆ ಮಾಡಿಕೊಳ್ಳೋದು ಸಹಜ. ಇವರು ಬಾಗಿಲನ್ನು ಇನ್ನಷ್ಟು ತೆರೆದಿಟ್ಟರು. 2015ರ ಡಿಸೆಂಬರಿನಲ್ಲಿ ಚೆನ್ನೈ ಮುಳುಗಿದ್ದು ನಿಮಗೆ ನೆನಪಿರಬಹುದು. ಅಡಯಾರು ಉಕ್ಕಿ, ವೇಳಚೇರಿ, ಸೈದಾಪೇಟೆ, ಕೋಟ್ಟೂರುಪುರಂ ಎಲ್ಲ ನೀರಿನಲ್ಲಿ. ಕರೆಂಟಿಲ್ಲ, ಹಾಲಿಲ್ಲ, ಫೋನಿಲ್ಲ. ಆಗ ಜಿ.ಎನ್. ಚೆಟ್ಟಿ ರಸ್ತೆಯ ಗುರುದ್ವಾರದ ಅಡುಗೆಮನೆ ಊರಿಗಾಗಿ ಉರಿಯಿತು. ಅಷ್ಟು ಜನಕ್ಕೆ ಅಡುಗೆ ಮಾಡಿ, ಪೊಟ್ಟಣ ಕಟ್ಟಿ, ನೀರಿನಲ್ಲಿ ನಡೆದು ಹಂಚೋದಕ್ಕೆ ಯಾರಿಗಾದರೂ ಹೊಸದಾಗಿ ತರಬೇತಿ ಕೊಡಬೇಕಾಗಿರಲಿಲ್ಲ. ಪ್ರತಿ ಭಾನುವಾರ ಮಾಡಿದ್ದನ್ನೇ ದಿನಾ ಮಾಡಿದರು. ಸಣ್ಣಂದಿನಲ್ಲಿ ನೀರಿನ ಲೋಟ ಹಿಡಿದ ಕೈಗಳು ಇಂಥ ಹೊತ್ತಿಗೆ ತಾವಾಗಿ ಕೆಲಸಕ್ಕೆ ಬರುತ್ತವೆ.

ಹೊರದೇಶಗಳಲ್ಲೂ ಇದೇ ಬೀಜ ಬೇರೆ ಬೇರೆ ರೀತಿಯಲ್ಲಿ ಮೊಳೆತಿದೆ. ಇಂಗ್ಲೆಂಡಿನಲ್ಲಿ 1999ರಲ್ಲಿ ಕೊಸೊವೊ ನಿರಾಶ್ರಿತರ ನೆರವಿಗೆ ಅಂತ ಶುರುವಾದ ಖಾಲ್ಸಾ ಏಡ್ ಹುಟ್ಟಿದ್ದು ಅಲ್ಲೇ ಬೆಳೆದ ತಲೆಮಾರಿನ ಉತ್ಸಾಹದಿಂದ. 2021ರ ಏಪ್ರಿಲಿನಲ್ಲಿ ಕೊರೋನಾ ಎರಡನೆಯ ಅಲೆಯಲ್ಲಿ ದೆಹಲಿಯ ಸುತ್ತ ಜನ ಉಸಿರಿಗಾಗಿ ಪರದಾಡುವಾಗ, ಗಾಜಿಯಾಬಾದಿನ ಇಂದಿರಾಪುರಂ ಗುರುದ್ವಾರದ ಮುಂದೆ ರಸ್ತೆಯಲ್ಲೇ ಆಕ್ಸಿಜನ್ ಲಂಗರ್ ನಡೆಯಿತು. ಅನ್ನ ಹಂಚುವ ಹೆಸರಿನಲ್ಲೇ ಉಸಿರನ್ನೂ ಹಂಚಿದರು.

ಹಾಗಂತ ಅವರಲ್ಲಿ ಎಲ್ಲ ಸರಿಯಾಗಿದೆ ಅಂತ ನಾನು ಹೇಳುತ್ತಿಲ್ಲ. ಪಂಜಾಬಿನಲ್ಲೇ ಕೂದಲು ಕತ್ತರಿಸಿಕೊಂಡ ಹುಡುಗರು ಎಷ್ಟೋ ಮಂದಿ. ಚೆನ್ನಾಗಿ ಪಗಡಿ ಕಟ್ಟಿದವರಿಗೆ ಬಹುಮಾನ ಕೊಡುವ ಸ್ಪರ್ಧೆಗಳು ಹುಟ್ಟಿಕೊಂಡಿವೆ. ಬಹುಮಾನ ಇಡಬೇಕಾಗಿ ಬಂತು ಅಂದರೇ ಚಿಂತೆ ಎಷ್ಟಿದೆ ಅಂತ ತಿಳಿಯುತ್ತೆ. ಜಾತಿ ಇಲ್ಲ ಅಂತ ಗುರುಗಳು ಹೇಳಿದರೂ ಪಂಜಾಬಿನ ಹಳ್ಳಿಗಳಲ್ಲಿ ಜಾತಿಗೊಂದು ಗುರುದ್ವಾರ ಇರೋದನ್ನು ಅವರೇ ಬೇಸರದಿಂದ ಹೇಳಿಕೊಳ್ಳುತ್ತಾರೆ. ಹೆಂಗಸರಿಗೆ ಓದುವ ಹಕ್ಕಿದ್ದರೂ ಆಡಳಿತ ಸಮಿತಿಗಳಲ್ಲಿ ಕಾಣೋದು ಹೆಚ್ಚಾಗಿ ಗಂಡಸರೇ. ಇನ್ನು ಇಲ್ಲಿ ಹುಟ್ಟಿದ ಹುಡುಗರ ತಮಿಳು, ಅವರ ತಂದೆಯರ ಪಂಜಾಬಿಗಿಂತ ಸರಾಗ. ನನ್ನ ಪರಿಚಯದ ಒಬ್ಬ ಸರ್ದಾರರು ಒಮ್ಮೆ ನಗುತ್ತಾ, “ನಮ್ಮ ಹುಡುಗ ಕನಸು ಕಾಣೋದೂ ತಮಿಳಿನಲ್ಲೇ ಸಾಹೇಬರೇ, ಆದರೆ ಭಾನುವಾರ ರೊಟ್ಟಿ ಬಡಿಸೋದು ಮಾತ್ರ ತಪ್ಪಿಸೋದಿಲ್ಲ” ಅಂದರು. ಆ ಮಾತಿನಲ್ಲಿ ಸೋಲೂ ಇತ್ತು, ಗೆಲುವೂ ಇತ್ತು.

ಈಗ ನಮ್ಮ ವಿಷಯ. ಕನ್ನಡಿಗರೂ ಈ ಊರಿಗೆ ಅನ್ನ ಹಿಡಿದುಕೊಂಡೇ ಬಂದವರು. ಅವರು ಹಂಚಿದರು, ನಾವು ಮಾರಿದೆವು, ಅಷ್ಟೇ ವ್ಯತ್ಯಾಸ! ತಮಾಷೆ ಬಿಡಿ, ಮಾರಿದ್ದರಲ್ಲಿ ಅಗೌರವ ಏನೂ ಇಲ್ಲ. ಅಡುಗೆಮನೆಯ ಚಾಕರಿಯಿಂದ ಮೇಲೆ ಬಂದ ಕೆ. ಕೃಷ್ಣರಾಯರು 1938ರಲ್ಲಿ ಇಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲು ತೆರೆದರು. ಉಡುಪಿ ಹೋಟೆಲಿನ ಒಳಗೆ ನಮ್ಮದೇ ಒಂದು ಗುರುಕುಲ ಇತ್ತು. ಊರಿನಿಂದ ಬಂದ ಹುಡುಗ ಮೊದಲು ಟೇಬಲ್ ಒರೆಸುತ್ತಿದ್ದ, ಆಮೇಲೆ ಸಪ್ಲೈಯರ್, ಆಮೇಲೆ ಗಲ್ಲಾಪೆಟ್ಟಿಗೆ, ಅದೃಷ್ಟವಿದ್ದರೆ ತನ್ನದೇ ಹೋಟೆಲು. ಪ್ರತಿ ಮೆಟ್ಟಿಲಲ್ಲೂ ಊರಿನವನೇ ಒಬ್ಬ ಹಿರಿಯ ಬೈಯುತ್ತಾ, ಬುದ್ಧಿ ಹೇಳುತ್ತಾ ಜೊತೆಗಿರುತ್ತಿದ್ದ. ಮುಂಬೈಯಲ್ಲಂತೂ ಹಗಲೆಲ್ಲ ಹೋಟೆಲಿನಲ್ಲಿ ದುಡಿದ ಹುಡುಗರಿಗೆ ಕನ್ನಡ ರಾತ್ರಿ ಶಾಲೆಗಳಿದ್ದವು. ಆಫೀಸು ಮುಗಿಸಿ ಬಂದ ಗುಮಾಸ್ತರು, ಪದವೀಧರರು ಅಲ್ಲಿ ಪಾಠ ಹೇಳುತ್ತಿದ್ದರು. ಆ ಶಾಲೆಗಳಲ್ಲಿ ಓದಿ ವಕೀಲರಾದವರು, ಲೆಕ್ಕ ಪರಿಶೋಧಕರಾದವರು, ಉದ್ಯಮಿಗಳಾದವರು ಎಷ್ಟೋ ಮಂದಿ. ಸ್ವಯಂಸೇವಕ ಮಾರ್ಗದರ್ಶನ ಅಂತ ಈಗ ದೊಡ್ಡ ಹೆಸರಿಟ್ಟು ಕರೆಯುವುದನ್ನು ಆ ಗುಮಾಸ್ತರು ಹೆಸರಿಲ್ಲದೆ ಮಾಡಿದರು.

ಅದು ನಮ್ಮ ಕೈಯಿಂದ ಜಾರಿದ್ದು ಹೇಗೆ? ಒಂದು, ನಮ್ಮ ಸ್ಥಿತಿ ಸುಧಾರಿಸಿತು. ಟೇಬಲ್ ಒರೆಸುವ ಹುಡುಗ ಈಗ ಕಾರ್ಕಳದಿಂದ ಬರೋದಿಲ್ಲ. ಒಳ್ಳೆಯದೇ. ಇನ್ನೊಂದು, ಸಂಘದ ಕಾರ್ಯಕ್ರಮಗಳಲ್ಲಿ ಮಕ್ಕಳಿಗೆ ನಾವು ಕೊಡೋದು ವೇದಿಕೆ, ಕೆಲಸ ಅಲ್ಲ. ನವೆಂಬರಿನಲ್ಲಿ ಒಂದು ನೃತ್ಯ, ಒಂದು ಭಾವಗೀತೆ, ಒಂದು ಫೋಟೋ. ಹುಡುಗಿ ಹಾಡಿ ಇಳಿದ ಕೂಡಲೇ ಅಮ್ಮ ಅವಳನ್ನು ಟ್ಯೂಷನ್ನಿಗೆ ಕರೆದುಕೊಂಡು ಹೋಗುತ್ತಾರೆ. ಕುರ್ಚಿ ಹಾಕೋದು, ಊಟ ಬಡಿಸೋದು, ಲೆಕ್ಕ ಬರೆಯೋದು ಎಲ್ಲ ಅದೇ ಅರವತ್ತು ದಾಟಿದ ನಾಲ್ಕು ಜನ. ಮಕ್ಕಳಿಗೆ ಸಂಘ ಅಂದರೆ ಚಪ್ಪಾಳೆ ತಟ್ಟಿಸಿಕೊಳ್ಳುವ ಜಾಗ ಅನ್ನಿಸುತ್ತೆ, ತಮ್ಮ ಜಾಗ ಅನ್ನಿಸೋದಿಲ್ಲ.

ಸಿಖ್ಖರನ್ನು ನಾವು ಪೂರ್ತಿ ಅನುಸರಿಸಲಾರೆವು, ಅನುಸರಿಸಬೇಕಾಗಿಯೂ ಇಲ್ಲ. ಅವರಿಗೆ ಒಂದು ಗ್ರಂಥ, ಒಂದು ಪಂಥ ಇದೆ. ನಮಗಿರೋದು ಭಾಷೆ ಮಾತ್ರ. ಅದರಡಿ ಲಿಂಗಾಯತರಿದ್ದಾರೆ, ಬ್ರಾಹ್ಮಣರಿದ್ದಾರೆ, ಜೈನರಿದ್ದಾರೆ, ಮುಸಲ್ಮಾನರು ಕ್ರೈಸ್ತರು ಇದ್ದಾರೆ. ಇಷ್ಟು ಜನರನ್ನು ಒಂದು ಪಂಕ್ತಿಯಲ್ಲಿ ಕೂರಿಸೋದು ಸುಲಭವಲ್ಲ. ಆದರೆ ಪಕ್ಕದಲ್ಲಿ ನಿಲ್ಲಿಸಿಕೊಂಡು ಕೆಲಸ ಕೊಡುವ ಒಂದು ಅಭ್ಯಾಸಕ್ಕೆ ಯಾವ ಗ್ರಂಥದ ಅಪ್ಪಣೆಯೂ ಬೇಕಾಗಿಲ್ಲ.

ನಿವೃತ್ತನಾದ ಮೇಲೆ ನನಗೆ ತೋಚಿದ್ದನ್ನು ನಮ್ಮ ಬಳಗದವರ ಮುಂದೆ ಇಟ್ಟಿದ್ದೇನೆ. ಕಾಲೇಜಿಗೆ ಹೋಗುವ ಇಬ್ಬರು ಮಕ್ಕಳು ಸಂಘದ ಲೆಕ್ಕಪುಸ್ತಕ ಬರೆಯಲಿ, ನಾನು ಪಕ್ಕದಲ್ಲಿ ಕೂರುತ್ತೇನೆ. ಜಮಾ, ಖರ್ಚು, ಶಿಲ್ಕು ಅಂತ ಕನ್ನಡದಲ್ಲೇ ಬರೆಯಲಿ. ಹೈಸ್ಕೂಲಿನವರು ಸಣ್ಣವರಿಗೆ ಅಕ್ಷರ ತಿದ್ದಿಸಲಿ. ಯುಗಾದಿಯ ಊಟಕ್ಕೆ ನೀರು ಕೊಡೋದು ಹತ್ತು ವರ್ಷದವರ ಪಾಲಿಗಿರಲಿ, ಒಂದೆರಡು ಲೋಟ ಚೆಲ್ಲಿದರೂ ಯಾರೂ ಗದರಬೇಡಿ. ಕೆಲವರು ಒಪ್ಪಿದ್ದಾರೆ, ಕೆಲವರು ‘ಪರೀಕ್ಷೆ ಮುಗಿಯಲಿ ನೋಡೋಣ’ ಅಂದಿದ್ದಾರೆ. ಪರೀಕ್ಷೆಗಳು ಮುಗಿಯೋದಿಲ್ಲ ಅಂತ ನನಗೂ ಗೊತ್ತು, ಅವರಿಗೂ ಗೊತ್ತು. ಆದರೂ ಲೆಕ್ಕಪುಸ್ತಕ ಕೊಂಡು ತಂದಿಟ್ಟಿದ್ದೇನೆ, ಮೊದಲ ಪುಟಕ್ಕೆ ಗೆರೆಯೂ ಎಳೆದಿದ್ದೇನೆ.